ಜುಟ್ಟು ಕತ್ತರಿಸಿದ ಮೇಷ್ಟ್ರು

1888ರಲ್ಲಿ ಒಕಿನಾವಾ ದ್ವೀಪದ ಶುರಿ ಪಟ್ಟಣದಲ್ಲಿ ಇಪ್ಪತ್ತರ ಹರೆಯದ ಹುಡುಗನೊಬ್ಬ ತಲೆಯ ಜುಟ್ಟು ಕತ್ತರಿಸಿಕೊಂಡು ಮನೆಗೆ ಬಂದ. ತಂದೆ ಕೆಂಡಾಮಂಡಲವಾದರು. ತಾಯಿ ಮುಖ ತಿರುಗಿಸಿಕೊಂಡು ಹಿತ್ತಿಲ ಬಾಗಿಲಿನಿಂದ ತವರಿಗೆ ಹೊರಟೇಹೋದರು. ಹುಡುಗನ ಹೆಸರು ಗಿಚಿನ್ ಫುನಾಕೋಶಿ. ಸರ್ಕಾರಿ ಶಾಲೆಯ ಸಹಾಯಕ ಶಿಕ್ಷಕನ ಪರೀಕ್ಷೆಯಲ್ಲಿ ಅವನು ಪಾಸಾಗಿದ್ದ. ಜುಟ್ಟು ಬಿಟ್ಟವರು ಮೇಷ್ಟ್ರಾಗುವಂತಿರಲಿಲ್ಲ.

ಆ ಜುಟ್ಟಿನ ಹಿಂದೆ ಒಂದು ರಾಜ್ಯದ ಕತೆಯೇ ಇತ್ತು. ಒಕಿನಾವಾ ಅದುವರೆಗೆ ರ್ಯೂಕ್ಯೂ ಎಂಬ ಬೇರೆಯೇ ರಾಜ್ಯವಾಗಿತ್ತು. ಚೀನಾದ ಚಕ್ರವರ್ತಿಗೂ ಕಪ್ಪ ಕೊಟ್ಟು, ಜಪಾನಿನ ಸತ್ಸುಮಾ ಪಾಳೆಯಕ್ಕೂ ತಲೆಬಾಗಿ, ಎರಡು ದೊಡ್ಡವರ ನಡುವೆ ಉಸಿರು ಹಿಡಿದು ಬದುಕಿದ ಪುಟ್ಟ ರಾಜ್ಯ. 1879ರಲ್ಲಿ ಮೇಜಿ ಸರ್ಕಾರ ಅದನ್ನು ತನ್ನ ಒಂದು ಪ್ರಾಂತವೆಂದು ಘೋಷಿಸಿ, ಕೊನೆಯ ದೊರೆ ಶೋ ತಾಯ್‌ನನ್ನು ಟೋಕಿಯೋಗೆ ಕರೆದೊಯ್ದಿತು. ಹಳೆಯ ಅರಸೊತ್ತಿಗೆಗೆ ನಿಷ್ಠರಾಗಿದ್ದ ಮನೆತನಗಳಿಗೆ ಉಳಿದದ್ದು ತಲೆಯ ಮೇಲಿನ ಜುಟ್ಟು ಮಾತ್ರ. ಅದೇ ಜುಟ್ಟಿನ ದೆಸೆಯಿಂದ ಫುನಾಕೋಶಿಗೆ ಅದಕ್ಕೂ ಮೊದಲು ವೈದ್ಯಕೀಯ ಶಾಲೆಯ ಬಾಗಿಲು ಮುಚ್ಚಿತ್ತು. ಈ ಸಲ ಅವನು ಜುಟ್ಟನ್ನೇ ಬಿಟ್ಟ.

ಈ ಹುಡುಗನಿಗೆ ಇನ್ನೊಂದು ವಿದ್ಯೆಯೂ ಇತ್ತು. ಅವಧಿಗೆ ಮುಂಚೆ ಹುಟ್ಟಿದ, ಸದಾ ಕಾಯಿಲೆ ಬೀಳುತ್ತಿದ್ದ ಕೂಸು ಅವನು. ಬೆಳೆದದ್ದು ಅಜ್ಜನ ಮನೆಯಲ್ಲಿ. ಪ್ರಾಥಮಿಕ ಶಾಲೆಯ ಸಹಪಾಠಿಯೊಬ್ಬನ ತಂದೆ ಅಂಕೊ ಅಜಾತೊ. ದ್ವೀಪದ ಹೆಸರಾಂತ ಕರಾಟೆ ಗುರು. ಆಗ ಈ ವಿದ್ಯೆಯನ್ನು ಬಹಿರಂಗವಾಗಿ ಕಲಿಯುವ ಪದ್ಧತಿ ಇರಲಿಲ್ಲ. ಕತ್ತಲಾದ ಮೇಲೆ ಹುಡುಗ ಲಾಟೀನು ಹಿಡಿದು ಗುರುವಿನ ಮನೆಗೆ ನಡೆಯುತ್ತಿದ್ದ, ಬೆಳಗಿನ ಜಾವ ಮರಳುತ್ತಿದ್ದ. ಇವನು ರಾತ್ರಿಯೆಲ್ಲ ಎಲ್ಲಿಗೆ ಹೋಗುತ್ತಾನೆ ಎಂದು ನೆರೆಹೊರೆಯವರು ಗುಸುಗುಸು ಮಾತಾಡಿ, ವೇಶ್ಯಾಗೃಹಕ್ಕೇ ಇರಬೇಕೆಂದು ತೀರ್ಮಾನಿಸಿದ್ದರಂತೆ.

ಅಲ್ಲಿ ನಡೆಯುತ್ತಿದ್ದುದು ಬೇರೆ. ಅಂಗಳದಲ್ಲಿ ಶಿಷ್ಯ ಒಂದೇ 'ಕತಾ'ವನ್ನು ಮತ್ತೆ ಮತ್ತೆ ಮಾಡಬೇಕು. ಕತಾ ಎಂದರೆ ಕಣ್ಣಿಗೆ ಕಾಣದ ಎದುರಾಳಿಗಳ ಮೇಲೆ ಗೊತ್ತಾದ ಕ್ರಮದಲ್ಲಿ ಮಾಡುವ ಹೊಡೆತ, ತಡೆಗಳ ಸರಣಿ. ಜಗಲಿಯ ಮೇಲೆ ನೆಟ್ಟಗೆ ಕುಳಿತ ಗುರು ಹೇಳುತ್ತಿದ್ದುದು 'ಇನ್ನೊಮ್ಮೆ' ಎಂದಷ್ಟೇ. ತಿಂಗಳುಗಟ್ಟಲೆ ಅದೇ. ಅಜಾತೊ ಅವರ ಗೆಳೆಯ ಅಂಕೊ ಇತೋಸು ಅವರ ಬಳಿಯೂ ಅವನು ಕಲಿತ. ನೈಹಾಂಚಿ ಎಂಬ ಹೆಸರಿನ ಮೂರು ಕತಾಗಳಿಗೆ ಹತ್ತು ವರ್ಷ ಹಿಡಿಯಿತು. ಬೇಸರ, ಅವಮಾನ ಎರಡನ್ನೂ ನುಂಗಿಕೊಳ್ಳುವುದು ಪಾಠದ ಭಾಗವೇ ಆಗಿತ್ತು.

ಹೀಗೆ ಹಗಲು ಮಕ್ಕಳಿಗೆ ಅಕ್ಷರ ಕಲಿಸುವ ಮೇಷ್ಟ್ರು, ರಾತ್ರಿ ತಾನೇ ಶಿಷ್ಯ. ಸಂಬಳ ಸಾಲದು, ತುಂಬಿದ ಮನೆ. ಹೆಂಡತಿ ಬಟ್ಟೆ ನೇಯ್ದು, ತರಕಾರಿ ಬೆಳೆದು ಸಂಸಾರ ತೂಗಿಸಿದರು. ಗಂಡನ ಅಭ್ಯಾಸ ನೋಡಿ ನೋಡಿ ಅವರೂ ಕತಾ ಕಲಿತರು.

ಈ ಎರಡು ಬದುಕುಗಳನ್ನು ಕೂಡಿಸಿದವರು ಇತೋಸು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಅವರು ಕರಾಟೆಯನ್ನು ಒಕಿನಾವಾದ ಶಾಲೆಗಳೊಳಗೆ ತಂದರು. ಅಂಗಳದಲ್ಲಿ ಒಬ್ಬ ಗುರು, ಒಬ್ಬ ಶಿಷ್ಯ. ಶಾಲೆಯ ಮೈದಾನದಲ್ಲಿ ಒಬ್ಬ ಮೇಷ್ಟ್ರು, ಐವತ್ತು ಮಕ್ಕಳು. ಹಾಗಾಗಿ ಪಿನಾನ್ ಎಂಬ ಐದು ಸರಳ ಕತಾಗಳು ಹುಟ್ಟಿದವು. ಅಪಾಯದ ಪಟ್ಟುಗಳು ಹಿಂದೆ ಸರಿದು ವ್ಯಾಯಾಮದ ಅಂಶ ಮುಂದೆ ಬಂತು. ಕವಾಯತಿನ ಹಾಗೆ ಎಣಿಕೆಗೆ ತಕ್ಕಂತೆ ಎಲ್ಲರೂ ಒಟ್ಟಿಗೆ ಹೆಜ್ಜೆ ಹಾಕತೊಡಗಿದರು. 1908ರಲ್ಲಿ ಇತೋಸು ಬರೆದ ಪತ್ರದಲ್ಲಿ ಈ ಶಿಕ್ಷಣ ಮುಂದೆ ಸೈನ್ಯಕ್ಕೂ ಒದಗುತ್ತದೆ ಎಂಬ ಮಾತೂ ಇದೆ. ಇಂದು ನಮ್ಮೂರಿನ ಕಲ್ಯಾಣ ಮಂಟಪದ ತಾರಸಿಯ ಮೇಲೆ ಸಾಲಾಗಿ ನಿಂತ ಮಕ್ಕಳು 'ಇಚಿ, ನಿ, ಸಾನ್' ಎಂದು ಎಣಿಸುತ್ತಾ ಕೈ ಬೀಸುವ ಕ್ರಮಕ್ಕೆ ಮೂಲ ಆ ಶಾಲಾ ಮೈದಾನಗಳೇ.

1922ರಲ್ಲಿ ಟೋಕಿಯೋದಲ್ಲಿ ಶಿಕ್ಷಣ ಇಲಾಖೆಯ ಕ್ರೀಡಾ ಪ್ರದರ್ಶನ ನಡೆದಾಗ ಒಕಿನಾವಾದ ಪರವಾಗಿ ಹೋದವರು ಫುನಾಕೋಶಿ. ವಯಸ್ಸು ಐವತ್ತು ದಾಟಿತ್ತು. ಜೂಡೊ ಕಟ್ಟಿದ ಜಿಗೊರೊ ಕಾನೊ ಅವರು ತಮ್ಮ ಕೊಡೊಕಾನ್‌ಗೆ ಕರೆಸಿ ಪ್ರದರ್ಶನ ಮಾಡಿಸಿದರು. ಫುನಾಕೋಶಿ ಊರಿಗೆ ಮರಳಲಿಲ್ಲ. ಒಕಿನಾವಾ ವಿದ್ಯಾರ್ಥಿಗಳ ಹಾಸ್ಟೆಲ್ಲೊಂದರಲ್ಲಿ ಉಳಿದರು. ಹಗಲು ಕಸ ಗುಡಿಸಿ, ಕಾವಲು ಕಾದು, ಸಂಜೆ ಅಲ್ಲಿಯೇ ಪಾಠ ಹೇಳಿದರು. 1924ರಲ್ಲಿ ಕೇಯೊ ವಿಶ್ವವಿದ್ಯಾಲಯದಲ್ಲಿ ಕರಾಟೆ ಸಂಘ ಹುಟ್ಟಿತು. ಬಿಳಿ ಉಡುಪು, ಕಪ್ಪು ಪಟ್ಟಿ ಎರಡೂ ಜೂಡೊದಿಂದ ಬಂದವು.

ಆಮೇಲೆ ಬಂದದ್ದು ಹೆಸರಿನ ಪ್ರಶ್ನೆ. 'ಕರಾ' ಎಂಬುದನ್ನು ಅಲ್ಲಿಯವರೆಗೆ ಹೆಚ್ಚಾಗಿ ತಾಂಗ್ ವಂಶದ, ಅಂದರೆ ಚೀನಾದ, ಅಕ್ಷರದಲ್ಲಿ ಬರೆಯುತ್ತಿದ್ದರು: 'ಚೀನಾದ ಕೈ'. ಅದೇ ಉಚ್ಚಾರಣೆಯ ಇನ್ನೊಂದು ಅಕ್ಷರಕ್ಕೆ 'ಬರಿದು' ಎಂಬ ಅರ್ಥ. ಫುನಾಕೋಶಿ ಎರಡನೆಯದನ್ನು ಆರಿಸಿಕೊಂಡು 1935ರ ತಮ್ಮ ಗ್ರಂಥದಲ್ಲಿ ಬಳಸಿದರು. ಕತಾಗಳ ಹೆಸರುಗಳೂ ಬದಲಾದವು. ಪಿನಾನ್ ಹೇಯಾನ್ ಆಯಿತು, ನೈಹಾಂಚಿ ತೆಕ್ಕಿ ಆಯಿತು, ಕುಶಾಂಕು ಕಾಂಕು ಆಯಿತು. ಅವರು ಕೊಟ್ಟ ವಿವರಣೆ ಸೊಗಸಾಗಿದೆ: ಆಯುಧವಿಲ್ಲದ ಕೈ, ಸ್ವಾರ್ಥವಿಲ್ಲದ ಮನಸ್ಸು, ಬೌದ್ಧರು ಹೇಳುವ ಶೂನ್ಯ. ಆದರೆ ಕಾಲ ಎಂಥದ್ದು? 1931ರಲ್ಲಿ ಜಪಾನಿನ ಸೈನ್ಯ ಮಂಚೂರಿಯಾವನ್ನು ನುಂಗಿತ್ತು. 1937ರಲ್ಲಿ ಚೀನಾದೊಡನೆ ಪೂರ್ಣ ಯುದ್ಧವೇ ಶುರುವಾಯಿತು. ಅಂಥ ದಿನಗಳಲ್ಲಿ ಚೀನಾದ ಹೆಸರು ಹೊತ್ತ ವಿದ್ಯೆ ಜಪಾನಿನಲ್ಲಿ ಬೇರೂರುವುದು ಕಷ್ಟವಿತ್ತು. ಒಕಿನಾವಾ ವಿದ್ಯೆ ಕಲಿತದ್ದು ಚೀನಾದಿಂದಲೂ ಹೌದು ಎಂಬ ಸತ್ಯವನ್ನು ಮರೆಸುವುದು ಸುಲಭವಾಯಿತು.

ಜುಟ್ಟು ಕತ್ತರಿಸಿದ್ದಕ್ಕೂ ಅಕ್ಷರ ಬದಲಿಸಿದ್ದಕ್ಕೂ ನಡುವೆ ಒಂದು ನೇರ ಗೆರೆ ಕಾಣುತ್ತದೆ. ಎರಡೂ ಸಲ ಕಲಿಸುವ ಅವಕಾಶಕ್ಕಾಗಿ ಗುರುತಿನ ಒಂದು ತುಂಡನ್ನು ಬಿಟ್ಟುಕೊಟ್ಟದ್ದು; ಎರಡೂ ಸಲ ಬೇಡಿಕೆಯಿಟ್ಟದ್ದು ಅದೇ ರಾಜಸತ್ತೆ. ಒಕಿನಾವಾದ ಚೋಕಿ ಮೊಟೊಬು ಅವರಂಥ ಪಟುಗಳು ಫುನಾಕೋಶಿ ಅವರ ಕರಾಟೆಯನ್ನು ಕಟುವಾಗಿ ಟೀಕಿಸಿದರು. ಅವರಿಗೆ ಬೇಕಾಗಿದ್ದುದು ಎದುರಾಳಿಯ ಮುಂದೆ ಪರೀಕ್ಷೆಗೆ ನಿಲ್ಲುವ ವಿದ್ಯೆ. ಆದರೆ ರಾತ್ರಿಯ ಅಂಗಳದಲ್ಲೇ ಉಳಿದಿದ್ದರೆ ಅದು ಎಷ್ಟು ಜನರನ್ನು ತಲುಪುತ್ತಿತ್ತು ಎಂಬ ಪ್ರಶ್ನೆಯೂ ಇದೆ. ಹಾಗೇ ಉಳಿದು ಕಣ್ಮರೆಯಾದ ವಿದ್ಯೆಗಳು ನಮ್ಮ ಗರಡಿಮನೆಗಳಲ್ಲೂ ಇಲ್ಲದಿಲ್ಲ.

ಯುದ್ಧ ಈ ಲೆಕ್ಕವನ್ನೆಲ್ಲ ಕೆಡಿಸಿತು. ಮೊದಲು ಕೈ ಎತ್ತಬಾರದು ಎಂದು ಅವರು ಕಲಿಸಿದ ಹುಡುಗರು ಒಬ್ಬೊಬ್ಬರಾಗಿ ಸೈನ್ಯಕ್ಕೆ ಹೊರಟರು, ಅನೇಕರು ಮರಳಲಿಲ್ಲ. ಶಿಷ್ಯರೇ ಹಣ ಕೂಡಿಸಿ ಕಟ್ಟಿದ್ದ ಶೋಟೋಕಾನ್ ಶಾಲೆ 1945ರ ಬಾಂಬ್ ದಾಳಿಯಲ್ಲಿ ನೆಲಸಮವಾಯಿತು. ಅದೇ ವರ್ಷ ಮಗ ಗಿಗೊ ತೀರಿಕೊಂಡರು. ಅದೇ ವರ್ಷ ಒಕಿನಾವಾ ರಣಭೂಮಿಯಾಗಿ ಶುರಿಯ ಕೋಟೆ ಸುಟ್ಟುಹೋಯಿತು. ಫುನಾಕೋಶಿ ಮಾತ್ರ ಮತ್ತೆ ಟೋಕಿಯೋಗೆ ಬಂದು ಪಾಠ ಮುಂದುವರಿಸಿದರು, 1957ರಲ್ಲಿ ತೀರಿಕೊಳ್ಳುವವರೆಗೆ. ಸ್ಪರ್ಧೆಗಳು ಅವರಿಗೆ ಒಪ್ಪಿಗೆಯಿರಲಿಲ್ಲ. ಅವರು ಹೋದ ಕೆಲವೇ ತಿಂಗಳಲ್ಲಿ ಜಪಾನ್ ಕರಾಟೆ ಸಂಸ್ಥೆ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಸಿತು.

2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಕರಾಟೆ ಮೊದಲ ಬಾರಿ ಕಾಣಿಸಿಕೊಂಡಿತು. ಕತಾ ವಿಭಾಗದಲ್ಲಿ ಚಿನ್ನ ಗೆದ್ದ ರ್ಯೊ ಕಿಯುನಾ ಒಕಿನಾವಾದವರು, ಒಲಿಂಪಿಕ್ ಚಿನ್ನ ಗೆದ್ದ ಮೊದಲ ಒಕಿನಾವಾ ಮನುಷ್ಯ. ಅಂಗಳದಲ್ಲಿ ಮುಚ್ಚಿಟ್ಟು ಕಲಿತದ್ದನ್ನು ಇಡೀ ಜಗತ್ತು ನೋಡಿತು. ಅವರ ಬೆನ್ನಿನ ಮೇಲೆ ಬರೆದಿದ್ದ ದೇಶದ ಹೆಸರು ಜಪಾನ್.