ಕಣ್ಣಿನ ರೆಪ್ಪೆಯ ಕ್ಯಾನ್ಸರ್ ಮತ್ತು ವಂಶಾವಳಿಯ ಸಾಕ್ಷ್ಯ

ರೋಗಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವೈದ್ಯರ ಶೋಧಗಳನ್ನೇ ಆಧಾರವಾಗಿಟ್ಟುಕೊಳ್ಳುವರು. ರೋಗಿಯು ತನ್ನ ಮನೆತನದ ವಿಷಯವಾಗಿ ಹೇಳಿದ ಮಾತಿಗೆ ಅಲ್ಲಿ ದೊರೆಯುವ ಸ್ಥಾನ ಅಲ್ಪ. ರೆಪ್ಪೆಯ ಮೇದೋಗ್ರಂಥಿಗಳಲ್ಲಿ ಹುಟ್ಟುವ ಕ್ಯಾನ್ಸರಿನ ಚರಿತ್ರೆಯನ್ನು ಪರಿಶೀಲಿಸಿದರೆ ಈ ಕ್ರಮವು ಸಾಲದೆಂಬುದು ನಮಗೆ ವಿದಿತವಾಗುವುದು.

ರೆಪ್ಪೆಯೊಳಗಿನ ಈ ಗ್ರಂಥಿಗಳನ್ನು 1666ರಲ್ಲಿ ವಿವರಿಸಿದವನು ಜರ್ಮನಿಯ ಹೈನ್ರಿಕ್ ಮೈಬೋಮ್. ಇವುಗಳಲ್ಲಿ ತಲೆದೋರುವ ಕ್ಯಾನ್ಸರು ಬಹುಮಟ್ಟಿಗೆ ವೃದ್ಧರ ರೋಗ. ಅನೇಕರಲ್ಲಿ ಅದಕ್ಕೂ ವಂಶಕ್ಕೂ ಸಂಬಂಧವಿಲ್ಲ. ನೋವಿಲ್ಲದ ಸಾಮಾನ್ಯ ಗಂಟಿನಂತೆ ತೋರುವುದರಿಂದ ಅದನ್ನು ಗುರುತಿಸುವುದು ತಡವಾಗುವುದುಂಟು. ಆದರೆ ರೋಗಿಯು ಕಿರಿವಯಸ್ಸಿನವನಾಗಿದ್ದರೆ ಬೇರೊಂದು ಪ್ರಶ್ನೆ ಏಳುವುದು: ಅವನ ಕುಟುಂಬದಲ್ಲಿ ಮತ್ತಾರಿಗೆ, ಯಾವ ಅಂಗದಲ್ಲಿ ಕ್ಯಾನ್ಸರು ಬಂದಿತ್ತು?

ಈ ಪ್ರಶ್ನೆಯ ಮೂಲ ಕಣ್ಣಿನ ಚಿಕಿತ್ಸೆಯಲ್ಲಿಲ್ಲ. 1895ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಆಲ್ಡ್ರೆಡ್ ವಾರ್ತಿನ್ ಎಂಬ ರೋಗಶಾಸ್ತ್ರಜ್ಞನೊಡನೆ ಹೊಲಿಗೆಯಿಂದ ಜೀವಿಸುತ್ತಿದ್ದ ಮಹಿಳೆಯೊಬ್ಬಳು, ತನ್ನ ಮನೆತನದವರು ಕ್ಯಾನ್ಸರಿನಿಂದ ಸಾಯುವರಾದುದರಿಂದ ತನಗೂ ಅಕಾಲಮರಣವೇ ಗತಿಯೆಂದು ಹೇಳಿಕೊಂಡಳು. ಮುಂದೆ ಆಕೆ ಗರ್ಭಕೋಶದ ಕ್ಯಾನ್ಸರಿನಿಂದಲೇ ಮೃತಳಾದಳು. ವಾರ್ತಿನ್ ಆ ಮಾತನ್ನು ಭೀತಿಯೆಂದು ತಳ್ಳಿಹಾಕದೆ ಅವಳ ವಂಶಾವಳಿಯನ್ನು ಸಂಗ್ರಹಿಸಿ 1913ರಲ್ಲಿ ಪ್ರಕಟಿಸಿದನು. ಆದರೆ ಬಹುಕಾಲ ಅದಕ್ಕೆ ತಕ್ಕ ಮನ್ನಣೆ ದೊರೆಯಲಿಲ್ಲ. ನೆಬ್ರಾಸ್ಕದ ಹೆನ್ರಿ ಲಿಂಚ್ ಎಂಬ ವೈದ್ಯನೂ ಅಂತಹುದೇ ಮಾತನ್ನು ಒಬ್ಬ ರೋಗಿಯಿಂದ ಕೇಳಿ, 1966ರಲ್ಲಿ ಎರಡು ದೊಡ್ಡ ಕುಟುಂಬಗಳ ವೃತ್ತಾಂತವನ್ನು ಪ್ರಕಟಿಸಿದ ಮೇಲೆಯೇ ವಿಷಯವು ಮತ್ತೆ ಚರ್ಚೆಗೆ ಬಂದಿತು.

ಆ ವೇಳೆಗೆ ಇನ್ನೊಂದು ಕಡೆಯಿಂದಲೂ ಸಾಕ್ಷ್ಯ ದೊರೆಯಿತು. ಮುಖದ ಚರ್ಮದ ಗಂಟುಗಳೂ ಒಳಾಂಗಗಳ ಕ್ಯಾನ್ಸರೂ ಒಬ್ಬನಲ್ಲಿಯೇ ಕೂಡಿದ್ದುದನ್ನು 1967ರಲ್ಲಿ ಮ್ಯೂರ್ ವರದಿಮಾಡಿದನು. ಮೇದೋಗ್ರಂಥಿಯ ಅನೇಕ ಗಂಟುಗಳಿದ್ದ ರೋಗಿಯ ವಿಷಯವಾಗಿ 1968ರಲ್ಲಿ ಟಾರ್ ಬರೆದನು. ಈ ಎರಡು ಧಾರೆಗಳೂ ಒಂದೇ ಮೂಲದವೆಂಬುದು 1993ರಲ್ಲಿ ಎಂ.ಎಸ್.ಎಚ್.2 ಎಂಬ ವಂಶವಾಹಿಯು ಪತ್ತೆಯಾದ ತರುವಾಯ ಸ್ಪಷ್ಟವಾಯಿತು. ಜೀವಕೋಶವು ಡಿ.ಎನ್.ಎ.ಯನ್ನು ನಕಲುಮಾಡುವಾಗ ಆಗುವ ತಪ್ಪುಗಳನ್ನು ತಿದ್ದುವ ಕಾರ್ಯದಲ್ಲಿ ಅದರ ಪಾತ್ರವುಂಟು. ಹೊಲಿಗೆಯವಳ ಕುಟುಂಬದಲ್ಲಿ ದೋಷವಿದ್ದುದು ಇದರಲ್ಲಿಯೇ. ಮ್ಯೂರ್–ಟಾರ್ ಲಕ್ಷಣಕೂಟದಲ್ಲಿಯೂ ಹೆಚ್ಚಾಗಿ ಕೆಟ್ಟಿರುವುದು ಇದೇ. ಇಂತಹ ದೋಷವುಳ್ಳವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧದಷ್ಟು.

ಆದುದರಿಂದ ಕಿರಿಯರ ರೆಪ್ಪೆಯಲ್ಲಿ ಈ ಕ್ಯಾನ್ಸರು ಕಂಡಾಗ ಗಂಟನ್ನು ಕೊಯ್ದು ತೆಗೆಯುವುದರಿಂದಲೇ ಕಾರ್ಯವು ಮುಗಿಯದು. ಕೊಯ್ದ ಭಾಗದಲ್ಲಿ ತಿದ್ದುವ ಪ್ರೋಟೀನುಗಳಿವೆಯೇ ಎಂದು ಪರೀಕ್ಷಿಸಲಾಗುತ್ತದೆ. ವಂಶದೋಷವು ಖಚಿತವಾದರೆ ರೋಗಿಯ ದೊಡ್ಡಕರುಳನ್ನು ಕಾಲಕಾಲಕ್ಕೆ ಪರಿಶೀಲಿಸುವುದು, ಒಡಹುಟ್ಟಿದವರಿಗೂ ಮಕ್ಕಳಿಗೂ ವಂಶವಾಹಿ ಪರೀಕ್ಷೆಯ ಅವಕಾಶ ಕಲ್ಪಿಸುವುದು ಅವಶ್ಯ. ಹೀಗೆ ಒಬ್ಬರ ಕಣ್ಣಿನಲ್ಲಿ ಕಂಡ ಗುರುತು ಮತ್ತೊಬ್ಬರ ಪ್ರಾಣವನ್ನು ಉಳಿಸಬಲ್ಲುದು.

ಮನೆತನದ ನೆನಪು ಎಲ್ಲ ವೇಳೆಯಲ್ಲಿಯೂ ನಿಷ್ಕೃಷ್ಟವಾದ ದಾಖಲೆಯಲ್ಲ. ಅದನ್ನು ಶೋಧಿಸಿ ಸ್ವೀಕರಿಸಬೇಕು. ಆದರೆ ಹೊಲಿಗೆಯವಳ ಮಾತಿಗೆ ವಿಜ್ಞಾನದ ಪ್ರಮಾಣ ದೊರೆಯಲು ಸುಮಾರು ನೂರು ವರ್ಷ ಹಿಡಿಯಿತೆಂಬುದನ್ನು ಗಮನಿಸಿದರೆ, ಬಾಯಿಮಾತಿನ ಸಾಕ್ಷ್ಯವನ್ನು ಪರೀಕ್ಷಿಸದೆಯೇ ಕಡೆಗಣಿಸುವುದು ವೈದ್ಯನಿಗೂ ಇತಿಹಾಸಕಾರನಿಗೂ ಸಮಾನವಾದ ದೋಷವೆಂದು ನಾವು ಭಾವಿಸುತ್ತೇವೆ.