ಹಾಸಿನ ಮೇಲಿನ ಪಗಡೆ: ನವಲಗುಂದದ ಜಮಖಾನದ ಚಿತ್ರಗಳನ್ನು ಓದುವ ಬಗೆ

ನನ್ನ ಊರು ಅಗಲ್ಪಾಡಿ. ನಮ್ಮ ಕಡೆ ತಾಳಮದ್ದಳೆ ಅಂದರೆ ಮೊದಲು ಆಗುವ ಕೆಲಸ ಜಮಖಾನ ಹಾಸುವುದು. ಅದರ ಮೇಲೆ ಕೂತೇ ಅರ್ಥಧಾರಿಗಳು ರಾಜ್ಯ ಕಟ್ಟುತ್ತಾರೆ, ಕಳೆದುಕೊಳ್ಳುತ್ತಾರೆ. ಚಿಕ್ಕವರಿದ್ದಾಗ ಅರ್ಥ ತಲೆಗೆ ಹೋಗದ ಹೊತ್ತಿನಲ್ಲಿ ನಾನು ಅದರ ಕೆಂಪು, ನೀಲಿ ಪಟ್ಟೆಗಳನ್ನು ಎಣಿಸುತ್ತಾ ಕೂತದ್ದುಂಟು. ಪಟ್ಟೆ ಬಿಟ್ಟರೆ ಅದರಲ್ಲಿ ಬೇರೆ ಏನೂ ಇರಲಿಲ್ಲ. ಹಾಗಾಗಿ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನವನ್ನು, ಅದರ ಪಗಡೆ ಹಾಸನ್ನು, ನವಿಲುಗಳನ್ನು ಮೊದಲ ಸಲ ನೋಡಿದಾಗ ಹುಟ್ಟಿದ ಪ್ರಶ್ನೆ ಸರಳವಾದದ್ದು. ಇದರಲ್ಲಿ ಇಷ್ಟೆಲ್ಲ ಯಾಕೆ ಉಂಟು, ನಮ್ಮದರಲ್ಲಿ ಯಾಕೆ ಇಲ್ಲ?

ಈ ಪ್ರಬಂಧದ ಮೊದಲ ಕರಡಿನಲ್ಲಿ ನಾನು ಒಂದು ಪಟ್ಟಿ ಮಾಡಿದ್ದೆ. ನವಿಲು ಅಂದರೆ ಮಳೆ, ಪಗಡೆ ಅಂದರೆ ವಿಧಿ, ಹೂ ಅಂದರೆ ಸಮೃದ್ಧಿ. ಗುರುಗಳು ಅದನ್ನು ಓದಿ ಕೇಳಿದ್ದು ಒಂದೇ ಮಾತು: "ಇದು ನೇಯ್ದವರು ಹೇಳಿದ್ದೋ, ನೀವು ಹೇಳಿದ್ದೋ?" ಉತ್ತರ ನನಗೆ ಗೊತ್ತಿತ್ತು. ಪಟ್ಟಿಯನ್ನು ಹರಿದು ಹಾಕಿದೆ. ಇಂದಿನ ಮಾತು ಆ ಪ್ರಶ್ನೆಯಿಂದ ಶುರುವಾದದ್ದು.

ಮೊದಲು ಚರಿತ್ರೆ. ನವಲಗುಂದ ಅಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1980ರ ರೈತ ಬಂಡಾಯ. ಆದರೆ ಆ ಊರಲ್ಲಿ ಜಮಖಾನ ಗಲ್ಲಿ ಅಂತ ಒಂದು ಓಣಿಯೇ ಉಂಟು. ಅಲ್ಲಿನ ನೇಕಾರರು ಮೂಲದಲ್ಲಿ ಆದಿಲಶಾಹಿಗಳ ಬಿಜಾಪುರದವರು, ವಿಜಯನಗರದೊಂದಿಗಿನ ಯುದ್ಧದ ಕಾಲದಲ್ಲಿ ನೆಲೆ ಹುಡುಕುತ್ತಾ ಇಲ್ಲಿಗೆ ಬಂದವರು ಎಂಬುದು ಪರಂಪರೆಯ ಹೇಳಿಕೆ. ಒಂದನೇ ಅಲಿ ಆದಿಲಶಾಹ ಆಳಿದ್ದು 1558ರಿಂದ 1580ರವರೆಗೆ. ತಾಳಿಕೋಟೆಯ ಯುದ್ಧ 1565ರಲ್ಲಿ. ಆ ಯುದ್ಧದಲ್ಲಿ ಬಿಜಾಪುರ ಗೆದ್ದ ಪಕ್ಷ. ಗೆದ್ದ ರಾಜ್ಯದ ನೇಕಾರರೂ ಮಗ್ಗ ಕಿತ್ತುಕೊಂಡು ಹೊರಟರು ಎಂದು ಈ ನೆನಪು ಹೇಳುತ್ತದೆ. ಗೆಲುವು ಸೋಲು ಅರಮನೆಯ ಲೆಕ್ಕ, ಕೈಕಸುಬಿನವರ ಲೆಕ್ಕ ಬೇರೆ.

ಇನ್ನು ಮಗ್ಗ. ಲಾಳಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡುವ ಮಗ್ಗದಲ್ಲಿ ಬಣ್ಣ ಬದಲಾಯಿಸಿದರೆ ಸಿಗುವುದು ಪಟ್ಟೆ. ನಮ್ಮೂರಿನ ಜಮಖಾನದ ಗುಟ್ಟು ಇಷ್ಟೇ. ನವಲಗುಂದದ್ದು ನಿಂತ ಮಗ್ಗ. ಹಾಸುನೂಲನ್ನು ಮೇಲಿಂದ ಕೆಳಗೆ ಬಿಗಿದು, ಹೊಕ್ಕುನೂಲನ್ನು ಕೈಯಿಂದ ಬಣ್ಣ ಬಣ್ಣವಾಗಿ, ಬೇಕಾದಷ್ಟೇ ಅಗಲಕ್ಕೆ ಸೇರಿಸಿ, ಹಣಿಗೆಯಿಂದ ಬಡಿದು ಕೂರಿಸುತ್ತಾರೆ. ಅದಕ್ಕೇ ಅಲ್ಲಿ ಚಿತ್ರ ಸಾಧ್ಯ. ಆದರೆ ದುಂಡಗಿನ ಗೆರೆ ಸುಲಭವಲ್ಲ. ಬಾಗುವ ಜಾಗದಲ್ಲೆಲ್ಲ ಮೆಟ್ಟಿಲು ಬರುತ್ತದೆ. ನವಿಲಿನ ಕೊರಳೂ ಮೆಟ್ಟಿಲು, ಗರಿಯೂ ಮೆಟ್ಟಿಲು. ನಾವು 'ಶೈಲಿ' ಅಂತ ಕರೆಯುವುದರಲ್ಲಿ ಅರ್ಧ ನೂಲಿನ ಹಟ. ಇನ್ನೊಂದು ಸಂಗತಿ: ಬಡಿದು ಕೂರಿಸಿದ ಮೇಲೆ ಹೊಕ್ಕು ಮಾತ್ರ ಕಾಣುತ್ತದೆ, ಹಾಸು ಪೂರಾ ಮುಚ್ಚಿ ಹೋಗುತ್ತದೆ. 'ಹಾಸುಹೊಕ್ಕು' ಎಂಬ ಮಾತನ್ನು ನಾವು ದಿನಾ ಬಳಸುತ್ತೇವೆ. ಭಾರ ಹೊರುವುದು ಕಣ್ಣಿಗೆ ಬೀಳದ ಹಾಸು ಎಂಬುದು ಮರೆತಿರುತ್ತದೆ.

ನವಿಲಿಗೆ ಮಳೆಯ ಅರ್ಥ ಹಚ್ಚುವ ಮೊದಲು ಊರಿನ ಹೆಸರು ನೋಡಬೇಕು. ನವಿಲಿನ ಗುಡ್ಡವೇ ನವಲಗುಂದ ಆಯಿತು ಎನ್ನುತ್ತಾರೆ. ಹಾಗಾದರೆ ಆ ನವಿಲು ಊರಿನ ರುಜು ಎಂದು ಓದುವುದು ನನಗೆ ಹೆಚ್ಚು ಸರಿ ಅನಿಸುತ್ತದೆ. ವಲಸೆ ಬಂದವರು ತಾವು ಬಂದು ಸೇರಿದ ಊರನ್ನು ನೂಲಿನಲ್ಲಿ ಬರೆದುಕೊಂಡ ಹಾಗೆ.

ಪಗಡೆಯ ವಿಷಯ ಇನ್ನೂ ಸ್ವಾರಸ್ಯ. ಪಗಡೆ ಹಾಸಿಗೆ ನಾಲ್ಕು ತೋಳು, ತೋಳಿಗೆ ಮೂರು ಸಾಲು, ಸಾಲಿಗೆ ಎಂಟು ಮನೆ, ಒಟ್ಟು 96. ಎಲ್ಲವೂ ಚೌಕ, ಮಗ್ಗಕ್ಕೆ ಒಗ್ಗುವ ಆಕಾರ. ಹಳೆಯ ಕಾಲದಿಂದಲೂ ಪಗಡೆಯನ್ನು ಬಟ್ಟೆಯ ಮೇಲೆ ಆಡುವುದುಂಟು. ಅಂದ ಮೇಲೆ ನವಿಲು ನವಿಲಿನ ಚಿತ್ರ, ಪಗಡೆ ಮಾತ್ರ ಚಿತ್ರವಲ್ಲ, ಪಗಡೆಯೇ. ಮನೆಗಳ ಲೆಕ್ಕ ಸರಿ ಇದ್ದರೆ ಕಾಯಿ ಇಟ್ಟು ಆಡಬಹುದು. ಸಂಕೇತ ಮತ್ತು ವಸ್ತು ಒಂದೇ ಆದ ಜಾಗ ಅದು. ಕುಮಾರವ್ಯಾಸ ಸಭಾಪರ್ವ ಬರೆದದ್ದೂ ನವಲಗುಂದದ ನೆರೆಯ ಗದುಗಿನ ಸೀಮೆಯಲ್ಲೇ. ಆ ಕಥೆಯಲ್ಲಿ ಹೆಣ್ಣು ಪಣವಾಗುತ್ತಾಳೆ. ನವಲಗುಂದದಲ್ಲಿ ಪಗಡೆಯ ಮನೆ ಮನೆಯನ್ನೂ ನೇಯ್ದವಳು ಹೆಣ್ಣು. ಅದೂ ಮುಸ್ಲಿಂ ಹೆಂಗಸರು. ನಮಾಜಿಗೆ ಬೇಕಾದ ಜಾನಮಾಜನ್ನೂ ಇದೇ ಕೈಗಳು ನೇಯುತ್ತವೆ. ಆಟದ ಹಾಸು, ಪ್ರಾರ್ಥನೆಯ ಹಾಸು ಎರಡೂ ಒಂದೇ ಓಣಿಯಿಂದ.

ಇಲ್ಲಿ ನನ್ನನ್ನು ಬಹಳ ಕಾಡಿದ ಸಂಗತಿ ಬರುತ್ತದೆ. ಈ ವಿದ್ಯೆಯನ್ನು ಮಗಳಿಗೆ ಕಲಿಸುತ್ತಿರಲಿಲ್ಲ, ಸೊಸೆಗೆ ಕಲಿಸುತ್ತಿದ್ದರು ಎನ್ನುತ್ತಾರೆ. ಮಗಳು ಮದುವೆಯಾಗಿ ಹೋದರೆ ಕಸುಬೂ ಊರು ಬಿಡುತ್ತದೆ ಎಂಬ ಭಯ. ಗುಟ್ಟು ಉಳಿಯಲಿ ಅಂತ ಮಾಡಿದ ಕಟ್ಟಳೆ. ಹೊಟ್ಟೆಗೆ ಸಾಲದ ಕೂಲಿಯ ಕಾಲದಲ್ಲಿ ಅದೇ ಕಟ್ಟಳೆ ತಿರುಗಿ ಬೀಳುತ್ತದೆ: ಸೊಸೆ ಒಲ್ಲೆ ಅಂದರೆ ಕಲಿಯಲು ಮನೆಯಲ್ಲಿ ಮತ್ತೊಬ್ಬರಿಲ್ಲ. 2011ರಲ್ಲಿ ನವಲಗುಂದದ ಜಮಖಾನಕ್ಕೆ ಭೌಗೋಳಿಕ ಸೂಚಕ ಸಿಕ್ಕಿತು. ಅದು ಹೆಸರನ್ನು ಕಾಯುತ್ತದೆ. ಮಗ್ಗದ ಮುಂದೆ ಕೂರುವವರ ಸಂಖ್ಯೆ ಮಾತ್ರ ಇಳಿಯುತ್ತಲೇ ಬಂದಿದೆ.

ಸಾಹಿತ್ಯದ ವಿದ್ಯಾರ್ಥಿಗಳಾದ ನಮಗೆ ಸಂಕೇತ ಕಂಡ ಕೂಡಲೇ ಅರ್ಥ ಹೇಳುವ ಚಪಲ. ಆದರೆ ಜಮಖಾನದ ಚಿತ್ರದ ಅರ್ಥ ಮಗ್ಗದಲ್ಲಿ, ಬಳಕೆಯಲ್ಲಿ, ಅತ್ತೆಯಿಂದ ಸೊಸೆಗೆ ದಾಟುವ ಎಣಿಕೆಯಲ್ಲಿ ಉಂಟು. ಬರೀ ಆಕಾರದಲ್ಲಿ ಅಲ್ಲ. ಎಷ್ಟು ನೂಲಿಗೆ ಕೊರಳು ತಿರುಗಬೇಕು, ಆ ತಿರುವಿಗೆ ಆಕೆ ಏನೆಂದು ಕರೆಯುತ್ತಾಳೆ, ಇದನ್ನು ಅವರ ಬಾಯಿಯಿಂದಲೇ, ಅವರ ಮಾತಿನಲ್ಲೇ ಬರೆದುಕೊಳ್ಳುವುದು ಮೊದಲ ಕೆಲಸ. ಆ ಪದಗಳು ಯಾವ ನಿಘಂಟಿಗೂ ಕಾದು ಕೂತಿರುವುದಿಲ್ಲ. ಎಣಿಸುವವರು ಎದ್ದು ಹೋದರೆ ಜೊತೆಗೇ ಹೋಗುತ್ತವೆ. ನನ್ನ ಮುಂದಿನ ಅಧ್ಯಯನ ಅಲ್ಲಿಂದ ಶುರುವಾಗಬೇಕು ಅಂತ ಅಂದುಕೊಂಡಿದ್ದೇನೆ.

ಊರಲ್ಲಿ ಇನ್ನೊಮ್ಮೆ ತಾಳಮದ್ದಳೆಗೆ ಕೂತಾಗ ಪಟ್ಟೆ ಎಣಿಸುವುದಂತೂ ಬಿಡಲಿಕ್ಕಿಲ್ಲ.