ಅಕ್ಷರಗಳನ್ನು ಎಣಿಸಿದ ಪಂಡಿತರು

ಸಂಖ್ಯಾಶಾಸ್ತ್ರದ ಉಗಮವನ್ನು ವಿವರಿಸುವವರು ಪ್ರಾಯಶಃ 17ನೆಯ ಶತಮಾನದ ಯೂರೋಪಿನ ದ್ಯೂತಗಣಿತದಿಂದಲೋ ಲಂಡನ್ ನಗರದ ಮರಣಪಟ್ಟಿಗಳಿಂದಲೋ ಕಥೆಯನ್ನಾರಂಭಿಸುವರು. ಆದರೆ ಅದಕ್ಕಿಂತ ಶತಮಾನಗಳಷ್ಟು ಮೊದಲೇ, ಇರಾಕಿನ ಬಸ್ರಾ, ಕೂಫಾ, ಬಾಗ್ದಾದ್ ನಗರಗಳಲ್ಲಿ, ಇಸ್ಲಾಮೀ ವಿದ್ಯೆಯ ಮಡಿಲಿನಲ್ಲಿಯೇ ಎಣಿಕೆಯೆಂಬುದು ಒಂದು ಶಾಸ್ತ್ರೀಯ ವ್ಯವಸಾಯವಾಗಿ ಬೆಳೆದಿತ್ತೆಂಬುದನ್ನು ಮರೆಯಲಾಗದು.

ಮೊದಲ ಪ್ರೇರಣೆ ಕುರ್‌ಆನಿನ ಪಾಠರಕ್ಷಣೆಯದು. ಇರಾಕಿನ ಅಧಿಪತಿ ಹಜ್ಜಾಜನು ಪಾಠಕರನ್ನು ಕೂಡಿಸಿ ಗ್ರಂಥದ ಅಕ್ಷರಗಳನ್ನೆಲ್ಲ ಎಣಿಸಲು ಆಜ್ಞಾಪಿಸಿದನೆಂದು ಪರಂಪರೆ ಹೇಳುತ್ತದೆ. ಪಾಠ ಒಂದೇ ಆದರೂ ಆಯತ್, ಎಂದರೆ ಕುರ್‌ಆನಿನ ವಚನ, ಎಲ್ಲಿ ಮುಗಿಯುವುದೆಂಬ ವಿಷಯದಲ್ಲಿ ಒಂದೊಂದು ನಗರದ ಪಾಠಕರದು ಒಂದೊಂದು ಸಂಪ್ರದಾಯ. ಕೂಫಾದವರ ಗಣನೆಯಲ್ಲಿ ಆಯತ್‌ಗಳು 6236. ಈ ಭೇದಗಳನ್ನೆಲ್ಲ ಕ್ರಮವಾಗಿ ದಾಖಲಿಸಿದ ಸ್ಪೇನಿನ ಅಬೂ ಅಮ್ರ್ ಅಲ್-ದಾನೀ 1053ರಲ್ಲಿ ತೀರಿಕೊಂಡನು.

ಆದರೆ ಎಣಿಕೆಯನ್ನು ಚಿಂತನೆಯ ಮಟ್ಟಕ್ಕೆ ಏರಿಸಿದವನು 8ನೆಯ ಶತಮಾನದಲ್ಲಿ ಬಸ್ರಾದಲ್ಲಿದ್ದ ಖಲೀಲ್ ಇಬ್ನ್ ಅಹ್ಮದ್. ಅರಬ್ಬಿ ಛಂದಶ್ಶಾಸ್ತ್ರದ ಪ್ರವರ್ತಕನಾದ ಈತನು, ನಮ್ಮ ವರ್ಣಮಾಲೆಯನ್ನು ನೆನಪಿಗೆ ತರುವಂತೆ ಕಂಠದಿಂದ ಓಷ್ಠದವರೆಗೆ ಅಕ್ಷರಗಳನ್ನು ಉಚ್ಚಾರಣಸ್ಥಾನಾನುಸಾರವಾಗಿ ಜೋಡಿಸಿ, ಭಾಷೆಯ ಸಮಸ್ತ ಶಬ್ದಗಳನ್ನೂ ಒಳಗೊಳ್ಳಬಲ್ಲ ಕೋಶವೊಂದನ್ನು ಸಂಕಲ್ಪಿಸಿದನು. 28 ಅಕ್ಷರಗಳಿಂದ, ಒಂದನ್ನೂ ಪುನರಾವರ್ತಿಸದೆ, ಎರಡಕ್ಷರದ ರೂಪಗಳು 756, ಮೂರಕ್ಷರದವು 19,656. ನಾಲ್ಕು ಹಾಗೂ ಐದಕ್ಷರದವುಗಳನ್ನೂ ಕೂಡಿಸಿದರೆ ಒಟ್ಟು 1,23,05,412. ಇವುಗಳಲ್ಲಿ ಬಳಕೆಯಲ್ಲಿರುವುದಾವುದು, ಇಲ್ಲದಿರುವುದಾವುದು ಎಂದು ವಿಂಗಡಿಸುವುದೇ ಕೋಶಕಾರನ ಕಾರ್ಯ. ಲಘುಗುರುಗಳ ಎಲ್ಲ ವಿನ್ಯಾಸಗಳನ್ನೂ ಕ್ರಮವಾಗಿ ಬರೆದಿಡುವ ಪ್ರಸ್ತಾರವಿಧಿಯನ್ನು ಬಲ್ಲ ನಮ್ಮ ಛಂದೋವಿದರಿಗೆ ಈ ಮನೋಧರ್ಮ ಅಪರಿಚಿತವಲ್ಲ. ಅಂಗಡಿಯವನು ದಾಸಿಯೊಬ್ಬಳನ್ನೂ ವಂಚಿಸಲಾಗದಂಥ ಸುಲಭ ಲೆಕ್ಕವೊಂದನ್ನು ಯೋಚಿಸುತ್ತ ಮಸೀದಿಯನ್ನು ಪ್ರವೇಶಿಸಿದ ಖಲೀಲನು ಕಂಬಕ್ಕೆ ಡಿಕ್ಕಿ ಹೊಡೆದು ಮಡಿದನೆಂದು ಚರಿತ್ರಕಾರರು ಬರೆದಿದ್ದಾರೆ. ಐತಿಹ್ಯವೇ ಆಗಿದ್ದರೂ, ಬಡತನದಲ್ಲಿಯೇ ಬಾಳಿದ ಆ ಪಂಡಿತನ ಶೀಲಕ್ಕೆ ಅದು ಒಪ್ಪುವಂಥದು.

9ನೆಯ ಶತಮಾನದ ಬಾಗ್ದಾದಿನಲ್ಲಿ, ಖಲೀಫ ಮುಅತಸಿಮನ ಮಗನಿಗೆ ಗುರುವಾಗಿದ್ದ ತತ್ತ್ವಜ್ಞಾನಿ ಅಲ್-ಕಿಂದೀ ಮುಂದಿನ ಹೆಜ್ಜೆಯಿಟ್ಟನು. ಗೂಢಲಿಪಿಯನ್ನು ಬಿಡಿಸುವ ಬಗೆಯನ್ನು ಬೋಧಿಸುವ ತನ್ನ ನಿಬಂಧದಲ್ಲಿ, ಅದೇ ಭಾಷೆಯ ಸಾಕಷ್ಟು ದೀರ್ಘವಾದ ಸಾಮಾನ್ಯ ಬರಹವೊಂದನ್ನು ತೆಗೆದುಕೊಂಡು ಯಾವ ಅಕ್ಷರ ಎಷ್ಟು ಬಾರಿ ಬರುವುದೆಂದು ಎಣಿಸಿ, ಆ ಕ್ರಮವನ್ನು ಗೂಢಲಿಪಿಯ ಚಿಹ್ನೆಗಳ ಕ್ರಮದೊಡನೆ ಹೋಲಿಸಬೇಕೆಂದು ಅವನು ವಿಧಿಸಿದನು. ಅವನೇ ಎಣಿಸಿದ 3667 ಅಕ್ಷರಗಳಲ್ಲಿ ಅಲಿಫ್ 600, ಲಾಮ್ 437, ಮೀಮ್ 320. ಕಂಡ ಒಂದಂಶದಿಂದ ಕಾಣದ ಸಮಗ್ರವನ್ನು ಊಹಿಸುವ ಈ ಯುಕ್ತಿಯೇ ಸಂಖ್ಯಾಶಾಸ್ತ್ರದ ಜೀವಾಳವೆಂದು ನನ್ನ ದೃಢವಾದ ಅಭಿಪ್ರಾಯ. ಬರಹ ಅತಿ ಚಿಕ್ಕದಾದರೆ ಈ ಕ್ರಮ ಫಲಿಸದೆಂಬುದನ್ನೂ ಅವನು ಅರಿತಿದ್ದನು. 13ನೆಯ ಶತಮಾನದ ಇಬ್ನ್ ಅದ್‌ಲಾನನು ಗೂಢಲಿಪಿಯಲ್ಲಿ ಸುಮಾರು 90 ಅಕ್ಷರಗಳಾದರೂ ಇರಬೇಕೆಂದು ಅದಕ್ಕೊಂದು ಮಿತಿಯನ್ನೇ ನಿರ್ಣಯಿಸಿದನು.

ಖಲೀಫ ಮುತವಕ್ಕಿಲನ ಆಳ್ವಿಕೆಯಲ್ಲಿ ಪ್ರತಿಸ್ಪರ್ಧಿಗಳ ಕುತಂತ್ರದಿಂದ ಅಲ್-ಕಿಂದೀಯ ಗ್ರಂಥಭಂಡಾರ ಅಪಹೃತವಾಗಿ, ಕೆಲಕಾಲದ ತರುವಾಯವಷ್ಟೇ ಅವನಿಗೆ ಮರಳಿತು. ಗೂಢಲಿಪಿಯ ನಿಬಂಧವಂತೂ ಇಸ್ತಾನ್‌ಬುಲ್ಲಿನ ಸುಲೇಮಾನಿಯೆ ಗ್ರಂಥಾಲಯದಲ್ಲಿ ಹಸ್ತಪ್ರತಿಯಾಗಿ ಉಳಿದು, 1987ರಲ್ಲಿ ದಮಾಸ್ಕಸ್ಸಿನಲ್ಲಿ ಅಚ್ಚಾಯಿತು. ಸಂಖ್ಯಾಶಾಸ್ತ್ರದ ಅಧ್ಯಾಪಕರು ತಮ್ಮ ಮೊದಲ ಪಾಠದಲ್ಲಿ ಈ ಪಂಡಿತರ ಹೆಸರನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕೆಂದು ನನ್ನ ವಿಜ್ಞಾಪನೆ.